ಆಂಟಿಯ ಮುಖಕ್ಕೆ ನಾನು ಕೊಟ್ಟ ಕಳೆ

ಪ್ರಿಂಟರಿನಿಂದ ಆ ಚಿತ್ರ ಇಂಚಿಂಚಾಗಿ ಹೊರಬರುತ್ತಿದ್ದಾಗ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಮೊದಲು ಹಣೆ, ಆಮೇಲೆ ಹುಬ್ಬು, ಕೆನ್ನೆ, ಕೊನೆಗೆ ಕೇರ್ ಹೋಮಿನ ನೀಲಿ ಯೂನಿಫಾರ್ಮು. ನಾನು ಕೈಕಟ್ಟಿಕೊಂಡು ನಿಂತು, ಹುಬ್ಬಳ್ಳಿಯಲ್ಲಿರುವ ನಮ್ಮ ಅಬ್ಬಾ ಇದನ್ನು ನೋಡಬೇಕಿತ್ತು ಅಂದುಕೊಂಡೆ. ಈಗ ಆ ಗಳಿಗೆ ನೆನಪಾದರೆ ಹಿಡಿಯಷ್ಟಾಗಿಬಿಡುತ್ತೇನೆ.

ನಾನು ಕೆಲಸ ಮಾಡುವುದು ಡಬ್ಲಿನ್ನಿನ ಪಶ್ಚಿಮ ಅಂಚಿನಲ್ಲಿ. ಸಿಟಿವೆಸ್ಟ್‌ನ ಗಾಜಿನ ಆಫೀಸುಗಳು ಮುಗಿದ ಮೇಲೆ ಗೋಡೌನುಗಳ ಒಂದು ಸಾಲಿದೆ. ಟೈರ್ ಅಂಗಡಿಗೂ ಜಿಮ್ಮಿಗೂ ನಡುವಿನ ಗೋಡೌನು ನಮ್ಮ ಸಂಸ್ಥೆಯದು. ಕಪ್ಪು ಕಲಾವಿದರಿಗೆ ಕೂತು ಕೆಲಸ ಮಾಡಲು ಜಾಗ, ಸಲಕರಣೆ, ಮೊದಲ ಸಲ ತಮ್ಮ ಚಿತ್ರ ತೂಗುಹಾಕಲು ಒಂದು ಗೋಡೆ, ಇಷ್ಟನ್ನು ಒದಗಿಸುವುದು ಸಂಸ್ಥೆಯ ಕೆಲಸ. ಅವರು ತಂದ ಫೈಲುಗಳನ್ನು ಹದಗೊಳಿಸಿ, ಕಾಗದಕ್ಕಿಳಿಸಿ, ಚೌಕಟ್ಟು ಕಟ್ಟಿ, ಗೋಡೆಗೇರಿಸುವುದು ನನ್ನ ಕೆಲಸ. ಸಿಬ್ಬಂದಿಯಲ್ಲಿ ಕಪ್ಪು ಜನಾಂಗಕ್ಕೆ ಸೇರದವನು ನಾನೊಬ್ಬನೇ. ಯಾರೂ ಅದನ್ನು ಎತ್ತಿ ಆಡಿದ್ದಿಲ್ಲ. ನಿರ್ದೇಶಕಿಯಂತೂ ಸೇರಿದ ಹೊಸತರಲ್ಲೇ "ನೀವೂ ನಮ್ಮವರೇ ಬಿಡಿ" ಅಂದಿದ್ದರು. ಅಲ್ಲಿ ನಡೆಯುವ ಮಾತೆಲ್ಲ ಇಂಗ್ಲಿಷಿನಲ್ಲೇ, ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಬಾಗಿಲ ಮೇಲಿನ ಬೋರ್ಡಿನಲ್ಲಿ 'ಬ್ಲ್ಯಾಕ್' ಅನ್ನುವ ಪದ ಎಲ್ಲಕ್ಕಿಂತ ದೊಡ್ಡದಾಗಿದೆ. ನಮ್ಮ ಮನೆಗಳಲ್ಲಿ ಅದೇ ಪದವನ್ನು, ಅದೂ ಹೆಣ್ಣುಮಕ್ಕಳ ವಿಷಯದಲ್ಲಿ, ದನಿ ತಗ್ಗಿಸಿ ಆಡುತ್ತಾರೆ. ಈ ಎರಡರ ನಡುವೆ ನಾನು ನಿಂತಿದ್ದೇನೆ ಅನ್ನುವುದು ನನಗೆ ಹೊಳೆದೇ ಇರಲಿಲ್ಲ.

ಆ ಪ್ರದರ್ಶನ ಒಬ್ಬ ಎಳೆಯ ಕಲಾವಿದೆಯದು. ಇಲ್ಲೇ ಹುಟ್ಟಿ ಬೆಳೆದವಳು, ತಾಯಿ ಲೇಗೋಸಿನಿಂದ ಬಂದವರು. ಕೇರ್ ಹೋಮುಗಳಲ್ಲಿ ಮುದುಕರನ್ನು ನೋಡಿಕೊಳ್ಳುವ ಕಪ್ಪು ಹೆಂಗಸರು ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು, ಬೂಟು ಬಿಚ್ಚುವ ಮುಂಚೆ ಸುಮ್ಮನೆ ಕೂರುತ್ತಾರಲ್ಲ, ಆ ಗಳಿಗೆಯಲ್ಲಿ ಅವರ ಫೋಟೋ ತೆಗೆದಿದ್ದಳು. ಫ್ಲಾಶ್ ಇಲ್ಲ, ಕಿಟಕಿಯ ಬೆಳಕಷ್ಟೇ. ನಡುವಿನ ದೊಡ್ಡ ಚಿತ್ರ ಅವಳ ತಾಯಿಯದೇ. ಅಡುಗೆಮನೆಯ ಕಡುಹಸಿರು ಗೋಡೆಗೆ ಒರಗಿ ಕೂತ ಚಿತ್ರ.

ಫೈಲುಗಳನ್ನು ಒಪ್ಪಿಸುವಾಗ ಅವಳು ಬಿಡಿಸಿ ಹೇಳಿದ್ದಳು: "ಗೋಡೆಯೂ ಕತ್ತಲು, ಅಮ್ಮನ ಮುಖವೂ ಕತ್ತಲು. ದೂರದಿಂದ ನೋಡಿದ್ರೆ ಬರೀ ಯೂನಿಫಾರ್ಮ್ ಕಾಣ್ಬೇಕು. ಅಲ್ಲಿ ಕೆಲಸದಲ್ಲೂ ಹಾಗೇ ಅಲ್ವಾ? ಜನಕ್ಕೆ ಕಾಣೋದು ಯೂನಿಫಾರ್ಮೇ. ಮುಖ ಬೇಕು ಅನ್ನೋರು ಹತ್ತಿರ ಬರ್ಲಿ. ಬಂದು ಸ್ವಲ್ಪ ಹೊತ್ತು ನಿಂತ್ರೆ ನಿಧಾನಕ್ಕೆ ಅಮ್ಮ ಕಾಣ್ತಾಳೆ."

"ಗೊತ್ತಾಯ್ತು ಬಿಡಮ್ಮ, ನನಗೆ ಬಿಡು," ಅಂದೆ. ಫೋಟೋ ಅಂಗಡಿಯಲ್ಲೇ ಬೆಳೆದವನಿಗೆ ಕತ್ತಲು ಬೆಳಕಿನ ಪಾಠ ಹೇಳುತ್ತಾಳಲ್ಲ ಅಂತ ಒಳಗೊಳಗೇ ನಗುವೂ ಬಂತು.

ಅವಳ ಪಾಲಿಗೆ ಇದು ಆಟದ ಮಾತಾಗಿರಲಿಲ್ಲ. ಊರೊಳಗಿನ ಒಂದು ದೊಡ್ಡ ಗ್ಯಾಲರಿಯಾಕೆ ಉದ್ಘಾಟನೆಗೆ ಬರಲು ಒಪ್ಪಿದ್ದರು. ಅವರಿಗೆ ಹಿಡಿಸಿದರೆ ಚಿತ್ರಗಳು ಅಲ್ಲಿಗೆ ಹೋಗುತ್ತವೆ, ಇವಳು ಸೂಪರ್ ಮಾರ್ಕೆಟ್ಟಿನ ಕೆಲಸ ಬಿಟ್ಟು ಕ್ಯಾಮೆರಾವನ್ನೇ ನಂಬಿ ಬದುಕಬಹುದು. ಹಿಡಿಸದಿದ್ದರೆ ಕ್ಯಾಮೆರಾ ಮಾರಿಬಿಡುತ್ತೇನೆ ಅಂತ ಆಗಲೇ ನಿರ್ದೇಶಕಿಯ ಮುಂದೆ ಆಡಿದ್ದಳು.

ನನ್ನ ಕೆಲಸಕ್ಕೆ ಒಂದು ವರಸೆ ಇದೆ. ಮೊದಲು ಪರದೆಯ ಬಣ್ಣ ಸರಿಯಿದೆಯೇ ಅಂತ ಅಳೆಯುವ ಪುಟ್ಟ ಯಂತ್ರವನ್ನು ಅದರ ಮುಖಕ್ಕೆ ತೂಗುಬಿಡುತ್ತೇನೆ. ಫೈಲು ತೆರೆದು ದೂಳಿನ ಚುಕ್ಕೆ ಒರೆಸುತ್ತೇನೆ, ಅಂಚು ನೆಟ್ಟಗೆ ಮಾಡುತ್ತೇನೆ, ಕಾಗದಕ್ಕೆ ತಕ್ಕ ಹಾಗೆ ಬಣ್ಣ ಹೊಂದಿಸುತ್ತೇನೆ, ಮುಖ ನೋಡುತ್ತೇನೆ, ಸೇವ್ ಮಾಡುತ್ತೇನೆ. ಮೌಸ್ ಮುಟ್ಟುವುದಿಲ್ಲ, ಎಲ್ಲವೂ ಹಲಗೆಯ ಮೇಲೆ ಓಡಿಸುವ ಡಿಜಿಟಲ್ ಪೆನ್ನಿನಲ್ಲಿ. ಕೈ ತಾನಾಗಿ ಓಡುತ್ತದೆ, ತಲೆ ಬೇರೆ ಏನನ್ನೋ ಯೋಚಿಸುತ್ತಿರುತ್ತದೆ. ಅದೇ ನನ್ನ ದೊಡ್ಡಸ್ತಿಕೆಯಾಗಿತ್ತು.

ತಾಯಿಯ ಚಿತ್ರದ ಮೊದಲ ಪ್ರಿಂಟನ್ನು ಮೇಜಿನ ಮೇಲೆ ಹಾಸಿದ ದಿನವೇ ಆ ತಾಯಿ ಮಗಳನ್ನು ಕರೆದೊಯ್ಯಲು ಬಂದರು. ಅಲ್ಲಿ ಎಲ್ಲರೂ ಅವರನ್ನು ಆಂಟಿ ಅನ್ನುತ್ತಾರೆ. ನಮ್ಮ ಹಾಗೆಯೇ ಅವರಲ್ಲೂ ಹಿರಿಯರನ್ನು ಹೆಸರು ಹಿಡಿದು ಕರೆಯುವ ರೂಢಿಯಿಲ್ಲ. ಆಂಟಿ ಮೇಜಿನ ಹತ್ತಿರ ಬಂದವರೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

"ಅಯ್ಯೋ ದೇವರೇ, ಇದು ನಾನಾ?"

"ನೀವೇ ಆಂಟಿ. ಇನ್ಯಾರು?"

"ಇಷ್ಟು ವರ್ಷಕ್ಕೆ ನನ್ನ ಮಗಳು ನನ್ನದೊಂದು ಒಳ್ಳೇ ಫೋಟೋ ತೆಗೆದಳು ನೋಡಿ! ಯಾವಾಗ್ಲೂ ಕತ್ತಲಲ್ಲಿ ಕೂರಿಸಿ ತೆಗೀತಾಳೆ, ಮಸಿ ಮೆತ್ತಿದ ಹಾಗೆ."

ಆಗಿಂದಾಗಲೇ ಫೋನಿನಲ್ಲಿ ಅದರ ಫೋಟೋ ಹಿಡಿದು ಲೇಗೋಸಿನ ಅಕ್ಕತಂಗಿಯರಿಗೆಲ್ಲ ಕಳಿಸಿದರು. ಉತ್ತರಗಳು ಟಿಣ್ ಟಿಣ್ ಅಂತ ಬರತೊಡಗಿದವು. ನಾನು ಉಬ್ಬಿಹೋದೆ. ಆಂಟಿಗೂ ಮಾತಿನ ಹುರುಪು ಬಂತು, ನನಗೆ ಮಕ್ಕಳೆಷ್ಟು ಅಂತ ವಿಚಾರಿಸಿದರು. ಈದ್ ಹಬ್ಬದಂದು ಹಸಿರು ಲಂಗ ಹಾಕಿಕೊಂಡು ನಿಂತ ಮಗಳ ಫೋಟೋ ತೆಗೆದು ತೋರಿಸಿದೆ. ಹುಬ್ಬಳ್ಳಿಯ ಅಮ್ಮಿಗೆ ಕಳಿಸಲೆಂದು ಮುತುವರ್ಜಿಯಿಂದ ತಯಾರಿಸಿದ್ದ ಫೋಟೋ ಅದು.

"ಅಬ್ಬಬ್ಬಾ, ಏನು ಬೆಳ್ಳಗಿದ್ದಾಳೆ! ಹೆಂಡತಿ ಐರಿಷಾ?"

"ಇಲ್ಲ ಆಂಟಿ, ಬೆಂಗಳೂರಿನವಳೇ," ಅಂತ ನಕ್ಕೆ. ಮುಚ್ಚಿಟ್ಟು ಏನು ಪ್ರಯೋಜನ, ಆ ಮಾತು ಕೇಳಿ ಖುಷಿಯೇ ಆಗಿತ್ತು.

ಅಷ್ಟರಲ್ಲಿ ಒಳಗಿನಿಂದ ಕಲಾವಿದೆ ಬಂದಳು. ಮೇಜಿನ ಮುಂದೆ ನಿಂತಳು, ಬಾಗಿದಳು, ಎರಡು ಹೆಜ್ಜೆ ಹಿಂದೆ ಹೋಗಿ ಮತ್ತೆ ನೋಡಿದಳು. ತಾಯಿ ಇದ್ದಷ್ಟು ಹೊತ್ತು ತುಟಿ ಬಿಚ್ಚಲಿಲ್ಲ. ಅವರು ಕಾರಿನ ಕಡೆ ನಡೆದ ಮೇಲೆ ಹೇಳಿದಳು: "ಇದು ನಮ್ಮಮ್ಮ ಅಲ್ಲ. ಏನೋ ಆಗಿದೆ. ದೂರದಿಂದಲೇ ಮುಖ ಕಾಣ್ತಾ ಇದೆ."

ನನಗೆ ಸಿಟ್ಟು ಮೂಗಿನ ಮೇಲೆಯೇ ಇರುತ್ತದೆ. "ನಿನ್ನ ಅಮ್ಮನೇ ಮೆಚ್ಚಿಕೊಂಡು ಹೋದ್ರು, ಇನ್ನೇನಮ್ಮ?" ಅಂದೆ. ಅವಳ ಮುಖ ಸಣ್ಣದಾಯಿತು. ಆಮೇಲೆ ನನಗೇ ಅತಿಯಾಯಿತು ಅನ್ನಿಸಿ, "ಕಾಗದದ್ದೇ ಇರ್ಬೇಕು, ಹೊಸ ರೋಲು," ಅಂತ ಸೇರಿಸಿದೆ. ಕಾಗದದ ಮೇಲೆ ತಪ್ಪು ಹೊರಿಸಿದ್ದು ಆವಾಗ ಸುಳ್ಳು ಅಂತ ಗೊತ್ತಿದ್ದು ಆಡಿದ ಮಾತಲ್ಲ. ನಾನು ತಪ್ಪಿರಬಹುದು ಅನ್ನುವ ಯೋಚನೆಯೇ ನನ್ನ ಹತ್ತಿರ ಸುಳಿಯಲಿಲ್ಲ.

ನಿರ್ದೇಶಕಿ ಕಾಗದದ ಕಂಪನಿಗೆ ಫೋನ್ ಮಾಡಿದರು. ಅವರ ಪ್ರತಿನಿಧಿ ದೇಶದ ಇನ್ನೊಂದು ತುದಿಯ ಗಾಲ್ವೇಯಿಂದ, ಪಾರ್ಕ್‌ಮೋರ್ ಕಡೆಯಿಂದ ಗಾಡಿ ಓಡಿಸಿಕೊಂಡು ಬಂದ. ಸಾಧು ಮನುಷ್ಯ. ರೋಲಿನ ತುದಿ ಕತ್ತರಿಸಿ, ಬೂದು ಬಣ್ಣದ ಪಟ್ಟಿಗಳನ್ನು ಪ್ರಿಂಟ್ ಮಾಡಿಸಿ, ತನ್ನ ಯಂತ್ರದಿಂದ ಒಂದೊಂದನ್ನೂ ಅಳೆದ. "ಕಾಗದ ಗ್ರ್ಯಾಂಡ್ ಇದೆ," ಅಂದ. ಇಲ್ಲಿ ಎಲ್ಲದಕ್ಕೂ ಗ್ರ್ಯಾಂಡ್ ಅನ್ನುತ್ತಾರೆ, ಸರಿಯಿದೆ ಅನ್ನಲೂ ಅದೇ. ನಾನು ಬಿಡಲಿಲ್ಲ. ಎದೆ ಸೆಟೆಸಿಕೊಂಡು, ಸಣ್ಣವನಿದ್ದಾಗಿನಿಂದ ಇದೇ ಕೆಲಸ ಮಾಡಿದವನು ನಾನು, ಕಾಗದದ ಬಿಳುಪು ಕಣ್ಣಿಗೆ ಹೊಡೆಯುತ್ತಿದೆ ಅಂತ ವಾದಿಸಿದೆ. ಪಾಪ, ಯಾಕೆ ಜಗಳ ಅಂತ ಹೊಸ ರೋಲು ಕೊಟ್ಟು ಹೋದ. ಮತ್ತೆ ಫೈಲು ತೆರೆದು, ಕಾಗದ ಬದಲಾಯಿತಲ್ಲ ಅಂತ ಬುಡದಿಂದ ಎಲ್ಲ ಹೊಂದಿಸಿ ಪ್ರಿಂಟ್ ತೆಗೆದೆ. ಅದೇ ಮುಖ ಬಂತು.

ಆಮೇಲೆ ದೀಪಗಳ ಮೇಲೆ ಬಿದ್ದೆ. ಏಣಿ ಹತ್ತಿ ಪ್ರದರ್ಶನದ ಹಾಲ್‌ನ ಬಲ್ಬುಗಳನ್ನೆಲ್ಲ ಬದಲಾಯಿಸಿದೆ. ಕೆಳಗೆ ಏಣಿ ಹಿಡಿದು ನಿಂತಿದ್ದವಳು ಕಲಾವಿದೆಯೇ. ನಾನು ಬಲ್ಬು ತಿರುಗಿಸುತ್ತಿದ್ದಾಗ ಅವಳು ಕೆಳಗಿನಿಂದ ಮೆಲ್ಲಗೆ ಹೇಳಿದಳು: "ಬಹುಶಃ ನಾನೇ ಸರಿಯಾಗಿ ತೆಗೆದಿಲ್ಲ. ನನ್ನ ಕಣ್ಣಿಗೆ ಕಂಡಿದ್ದು ಕ್ಯಾಮೆರಾಕ್ಕೆ ಸಿಕ್ಕಿಲ್ಲ ಅನ್ಸುತ್ತೆ. ಅಮ್ಮನ್ನೇ ಸರಿಯಾಗಿ ನೋಡಕ್ಕೆ ಬರ್ದಿದ್ರೆ ಇನ್ನೇನು ಬರುತ್ತೆ ನಂಗೆ?"

"ಹಾಗೆಲ್ಲ ಅಂದ್ಕೋಬೇಡಮ್ಮ," ಅಂದೆ. ಅಂದು ಇನ್ನೊಂದು ಬಲ್ಬು ತಿರುಗಿಸಿದೆ.

ಮಾರನೆಯ ದಿನ ಅವಳು ನಿರ್ದೇಶಕಿಯ ಹತ್ತಿರ ಹೋಗಿ ತಾಯಿಯ ಚಿತ್ರ ಬೇಡ ಅಂದಳು. ಅದಿಲ್ಲದೆ ಉಳಿದವಕ್ಕೆ ಅರ್ಥವಿಲ್ಲ, ಪ್ರದರ್ಶನವನ್ನೇ ಬಿಡೋಣ ಅಂದಳಂತೆ. ನಿರ್ದೇಶಕಿ ನನ್ನನ್ನು ಕರೆದು, "ಕೊನೇ ಸಲ ಒಂದು ಪ್ರಿಂಟ್ ತೆಗೀರಿ. ಕ್ಯಾಮೆರಾದಿಂದ ಬಂದ ಮೂಲ ಫೈಲಿಂದ ಶುರು ಮಾಡಿ. ಅದೂ ಸರಿ ಬರ್ದಿದ್ರೆ ಗ್ಯಾಲರಿಯವರಿಗೆ ನಾನೇ ಫೋನ್ ಮಾಡಿ ಬರ್ಬೇಡಿ ಅಂತೀನಿ," ಅಂದರು.

ನನ್ನ ಕೋಣೆಗೆ ಬಂದು ಕೂತರೆ ಡಿಜಿಟಲ್ ಪೆನ್ನು ಸತ್ತಿತ್ತು. ಚಾರ್ಜಿಗೆ ಹಾಕಲು ಮರೆತಿದ್ದೆ. ಥತ್ ಅಂತ ಬೈದುಕೊಂಡು ಡ್ರಾಯರಿನಿಂದ ಹಳೆಯ ಮೌಸ್ ತೆಗೆದೆ. ಮೌಸಿನಲ್ಲಿ ಕೈ ಓಡುವುದಿಲ್ಲ. ಒಂದೊಂದು ಹೆಜ್ಜೆಗೂ ಯಾವ ಸಲಕರಣೆ, ಎಲ್ಲಿ ಒತ್ತಬೇಕು ಅಂತ ಹುಡುಕಬೇಕು. ದೂಳಿನ ಚುಕ್ಕೆ ಒರೆಸಿದೆ. ಅಂಚು ಸರಿಮಾಡಿದೆ. ಬಣ್ಣ ಹೊಂದಿಸಿದೆ. ಆಮೇಲೆ ಬ್ರಷ್ಷಿನ ಚಿತ್ರದ ಮೇಲೆ ಒತ್ತಿ, ಅದರ ಗಾತ್ರ ಆಂಟಿಯ ಕೆನ್ನೆಗೆ ಸರಿಹೊಂದುವಷ್ಟು ಹಿಗ್ಗಿಸಿ, ಬೆಳಕು ಹೆಚ್ಚಿಸುವ ಗುಂಡಿಯನ್ನು ಹುಡುಕತೊಡಗಿದೆ. ಅಲ್ಲಿ ಕೈ ನಿಂತಿತು. ಈ ಗುಂಡಿ ನನಗೆ ಯಾಕೆ ಬೇಕು ಅಂತ ನನ್ನನ್ನೇ ಕೇಳಿಕೊಂಡೆ.

ನಮ್ಮ ಹುಬ್ಬಳ್ಳಿಯ ಅಂಗಡಿಯಲ್ಲಿ ಇದಕ್ಕೆ ಹೆಸರಿತ್ತು. ಗಂಡಿನ ಕಡೆಯವರಿಗೆ ಕಳಿಸಲು ಹುಡುಗಿಯರ ಫೋಟೋ ತೆಗೆಸಿಕೊಂಡು ಹೋಗುವವರೇ ನಮ್ಮ ಅರ್ಧ ಗಿರಾಕಿಗಳು. ಫೋಟೋ ಮುಗಿಯಿತು ಅನ್ನುವಾಗ ಅಬ್ಬಾ ಹಿಂದಿನಿಂದ ಬಗ್ಗಿ ನೋಡಿ, "ಮುಖಕ್ಕ ಒಂಚೂರು ಕಳೆ ಕೊಡಪಾ," ಅನ್ನುತ್ತಿದ್ದರು. ಬೆಳ್ಳಗೆ ಮಾಡು ಅಂತ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಕಳೆ ಅಂದರೆ ಎಷ್ಟು ಅನ್ನುವುದು ಹುಡುಗಿಯ ಬಣ್ಣ ನೋಡಿದರೆ ತಿಳಿಯುತ್ತಿತ್ತು, ಕಪ್ಪು ಹೆಚ್ಚಿದ್ದಷ್ಟೂ ಕಳೆ ಹೆಚ್ಚು. ಹಾಗೆ ಮಾಡದೆ ಕೊಟ್ಟರೆ ತಾಯಂದಿರು ಫೋಟೋ ವಾಪಸ್ ತರುತ್ತಿದ್ದರು. ನಾನು ಮೀಸೆ ಮೂಡುವ ಮುಂಚೆಯೇ ಕಳೆ ಕೊಡುವುದರಲ್ಲಿ ಅಬ್ಬಾನನ್ನು ಮೀರಿಸಿದ್ದೆ. ಕೈ ಆಡಿಸಿದ್ದು ಕಾಣದ ಹಾಗೆ, ಇವಳು ಹುಟ್ಟಿದ್ದೇ ಹೀಗೆ ಅನ್ನುವ ಹಾಗೆ ಮಾಡುತ್ತಿದ್ದೆ.

ಬೇರೆ ಹೆಂಗಸರ ಫೈಲುಗಳನ್ನೂ ತೆರೆದು ಮೂಲದ ಪಕ್ಕದಲ್ಲಿಟ್ಟು ನೋಡಿದೆ. ಒಬ್ಬರನ್ನೂ ಬಿಟ್ಟಿರಲಿಲ್ಲ. ಬಣ್ಣ ಸ್ವಲ್ಪ ತಿಳಿಯಾಗಿದ್ದ ಒಬ್ಬಾಕೆಯನ್ನು ಮಾತ್ರ ಹೆಚ್ಚು ಮುಟ್ಟಿರಲಿಲ್ಲ. ಯಾರಿಗೆ ಎಷ್ಟು ಬೇಕು ಅಂತ ನನ್ನ ಕೈ ಅಳೆದು ಅಳೆದು ಹಂಚಿತ್ತು. ಆ ಹೆಂಗಸರು ನನ್ನೆದುರು ಬಂದು ನಿಂತಿದ್ದರೆ ನಾನು ಒಂದು ಕೆಟ್ಟ ಮಾತು ಆಡುತ್ತಿರಲಿಲ್ಲ. ಸಂಸ್ಥೆಯ ಪರವಾಗಿ ವರ್ಣಭೇದದ ವಿರುದ್ಧದ ಮೆರವಣಿಗೆಯಲ್ಲೂ ಹೋದವನು ನಾನು. ಎದ್ದು ಹೋಗಿ ಬಾಗಿಲು ಹಾಕಿಕೊಂಡು ಬಂದೆ, ಆ ಪರದೆ ಯಾರ ಕಣ್ಣಿಗೂ ಬೀಳಬಾರದು ಅಂತ.

ಸರಿಮಾಡುವುದು ಏನೂ ಕಷ್ಟವಿರಲಿಲ್ಲ. ಕಳೆ ಕೊಡದೆ ಪ್ರಿಂಟ್ ತೆಗೆದರೆ ಮುಗಿಯಿತು. ದೀಪ ಬದಲಾಯಿಸಿದ್ದಕ್ಕೆ ಸರಿಹೋಯಿತು ಅಂದರೆ ಎಲ್ಲರೂ ನಂಬುತ್ತಿದ್ದರು, ಮೇಲಿನಿಂದ ಶಹಬ್ಬಾಸ್ ಅನ್ನಲೂಬಹುದಿತ್ತು.

ಮರುದಿನ ಬೆಳಿಗ್ಗೆ ಮಗಳ ಊಟದ ಡಬ್ಬಿ ಕಟ್ಟುತ್ತಿದ್ದ ಹೆಂಡತಿಗೆ ವಿಷಯ ಹೇಳಿದೆ. ಅವಳು ಸಿಟಿವೆಸ್ಟ್‌ನ ಒಂದು ಆಫೀಸಿನಲ್ಲಿದ್ದಾಳೆ, ನಾನು ಈ ದೇಶಕ್ಕೆ ಬಂದದ್ದೇ ಅವಳ ಬೆನ್ನ ಹಿಂದೆ. ಬ್ರೆಡ್ಡಿನ ಅಂಚು ಕತ್ತರಿಸುತ್ತಾ ಕೇಳಿಸಿಕೊಂಡಳು.

"ಅಮ್ಮಿಗೆ ಕಳಿಸೋ ಫೋಟೋಗೆಲ್ಲ ಮಾಡ್ತೀರಲ್ಲ, ಅದೇ ತಾನೇ?"

"ಹೂಂ."

"ನಮ್ಮ ಮದುವೆ ಆಲ್ಬಮ್ ನೋಡಿ ನಮ್ಮಕ್ಕ ಇದ್ಯಾರೇ ಅಂದಿದ್ಲು, ನೆನಪಿದೆಯಾ? ನೀವು ಬಿದ್ದು ಬಿದ್ದು ನಕ್ಕಿದ್ರಿ. ನಾನು ಆವತ್ತು ಬಾತ್‌ರೂಮಲ್ಲಿ ಅತ್ತೆ."

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ? ಚೆನ್ನಾಗೇ ಕಾಣ್ತೀಯಲ್ಲ ಅಂತಿದ್ರಿ." ಡಬ್ಬಿಯ ಮುಚ್ಚಳ ಟಪ್ಪಂತ ಒತ್ತಿದಳು. "ಈಗ ಅಲ್ಲಿ ಹೋಗಿ ಏನೂ ಹೇಳಕ್ಕೆ ಹೋಗ್ಬೇಡಿ. ಸುಮ್ನೆ ಸರಿ ಮಾಡಿ ಕೊಟ್ಬಿಡಿ. ಇಂಥ ಕಡೆ ಇಂಥ ತಪ್ಪು ಅಂದ್ರೆ ಕೆಲಸದಲ್ಲಿ ಇಟ್ಕೋತಾರಾ?"

ಅವಳ ಮಾತು ಸರಿಯೆನ್ನಿಸಿತು. ಬಾಯಿ ಮುಚ್ಚಿಕೊಂಡಿರೋಣ ಅಂತಲೇ ಕೋಟು ಹಾಕಿದೆ. ಮಗಳನ್ನು ಶಾಲೆಗೆ ಬಿಟ್ಟು ನಡೆಯುತ್ತಿರುವಾಗ ಏಣಿ ಹಿಡಿದು ನಿಂತ ಆ ಹುಡುಗಿಯ ದನಿ ಕಿವಿಯೊಳಗೇ ಕೂತಿತ್ತು. ಪ್ರಿಂಟ್ ಸರಿಯಾಗಬಹುದು. ಆದರೆ ತನ್ನ ಕಣ್ಣೇ ಸರಿಯಿಲ್ಲ ಅನ್ನುವ ಅನುಮಾನ ಅವಳಲ್ಲಿ ಉಳಿದುಬಿಡುತ್ತದೆ, ಮುಂದೆ ಕ್ಯಾಮೆರಾ ಎತ್ತಿದಾಗಲೆಲ್ಲ ಬರುತ್ತದೆ. ಅದನ್ನು ಬಿತ್ತಿದವನು ನಾನು. ಹೇಳಲೇಬೇಕು ಅಂತ ಅಲ್ಲಿ ತೀರ್ಮಾನಿಸಿದೆ. ಧೈರ್ಯ ಬಂದಿತ್ತು ಅಂತಲ್ಲ, ಹೇಳದೆ ಅವಳ ಮುಖ ನೋಡುವುದು ಆಗದು ಅನ್ನಿಸಿತ್ತು.

ನಿರ್ದೇಶಕಿಯನ್ನೂ ಕಲಾವಿದೆಯನ್ನೂ ನನ್ನ ಕೋಣೆಗೆ ಕರೆದೆ. ಎರಡು ಚಿತ್ರಗಳನ್ನೂ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು, ಅಂಗಡಿಯ ಕಥೆಯಿಂದ ಹಿಡಿದು ಎಲ್ಲ ಹೇಳಿದೆ. ಅರ್ಧದಲ್ಲಿ ನನ್ನ ಇಂಗ್ಲಿಷ್ ಕೈಕೊಟ್ಟಿತು. ಕಳೆ ಅನ್ನುವುದಕ್ಕೆ ಅವರಿಗೆ ಹೇಳಬಹುದಾದ ಮರ್ಯಾದಸ್ಥ ಪದ ಯಾವುದೂ ಸಿಗಲಿಲ್ಲ, ಕೊನೆಗೆ "ಬೆಳ್ಳಗೆ ಮಾಡಿದೆ" ಅಂತಲೇ ಹೇಳಿದೆ.

ಕಲಾವಿದೆ ಪರದೆಗೆ ಬಾಗಿ ಎರಡೂ ಚಿತ್ರಗಳನ್ನು ಹೋಲಿಸಿ ನೋಡಿದಳು. ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಕೂಗಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

"ನಿಮ್ಮ ಜಾಗದಲ್ಲಿ ಒಬ್ಬ ಬಿಳಿಯ ಇದ್ದಿದ್ರೆ," ಅಂದಳು, "ಮೊದಲ ದಿನವೇ ಅವನ ಕೈಯನ್ನ ಅನುಮಾನಿಸ್ತಿದ್ದೆ. ನೀವಾಗಿದ್ರಿ ಅಂತ ಕಾಗದ ಅನುಮಾನಿಸಿದೆ, ದೀಪ ಅನುಮಾನಿಸಿದೆ, ಕೊನೆಗೆ ನನ್ನೇ ಅನುಮಾನಿಸಿದೆ."

ಕ್ಷಮಿಸು ಅಂದೆ. ಆ ಮಾತು ನನ್ನ ಕಿವಿಗೇ ಹಗುರವಾಗಿ ಕೇಳಿಸಿತು.

ನಿರ್ದೇಶಕಿ ದನಿ ಏರಿಸದೆ ಮಾತಾಡುವವರು. "ಎಲ್ಲಾ ಮತ್ತೆ ಪ್ರಿಂಟ್ ಮಾಡಿ. ಅವಳು ನಿಮ್ಮ ಪಕ್ಕ ಕೂತಿರ್ತಾಳೆ. ಗಾಲ್ವೇಯವನಿಗೆ ಫೋನ್ ಮಾಡಿ, ಅವನ ಕಾಗದದ್ದೇನೂ ತಪ್ಪಿಲ್ಲ ಅಂತ ನೀವೇ ಹೇಳಿ. ಇನ್ನು ಅವಳ ಅಮ್ಮ. ಆ ಫೋಟೋ ಅವರ ನೆಂಟರಿಗೆಲ್ಲ ಹೋಗಿದೆ. ಅವರಿಗೂ ನೀವೇ ಹೇಳ್ಬೇಕು." ಕೆಲಸದ ಮಾತು ಎತ್ತಲಿಲ್ಲ. ನೀವೂ ನಮ್ಮವರೇ ಅನ್ನುವ ಮಾತನ್ನೂ ಆಮೇಲೆ ಎತ್ತಿಲ್ಲ.

ಗಾಲ್ವೇಯವನು ಫೋನಿನಲ್ಲಿ "ಹೋ, ಗ್ರ್ಯಾಂಡ್, ಗ್ರ್ಯಾಂಡ್," ಅಂದ. ಆಂಟಿಯ ಮನೆಯಲ್ಲಿ ಅಷ್ಟು ಸಲೀಸಾಗಲಿಲ್ಲ.

ಹಸಿರು ಗೋಡೆಯ ಅದೇ ಅಡುಗೆಮನೆ. ಕಲಾವಿದೆಯೂ ಜೊತೆಗಿದ್ದಳು. ಆಂಟಿ ಚಹಾ ಇಟ್ಟರು, ಬೇಡ ಅಂದರೂ ತಟ್ಟೆ ತುಂಬ ಹುರಿದ ಬಾಳೆಕಾಯಿ ಇಟ್ಟರು. ನಾನು ಎರಡೂ ಪ್ರಿಂಟುಗಳನ್ನು ಗೋಡೆಗೆ ಒರಗಿಸಿ ನಿಲ್ಲಿಸಿದೆ.

"ಆಂಟಿ, ನೀವು ಮೆಚ್ಚಿಕೊಂಡಿದ್ದು ನಿಮ್ಮ ಮಗಳು ತೆಗೆದ ಫೋಟೋ ಅಲ್ಲ. ನಾನು ನಿಮ್ಮ ಮುಖದ ಬಣ್ಣ ತಿಳಿ ಮಾಡಿದ್ದೆ. ನೀವು ಹೇಳಿರ್ಲಿಲ್ಲ, ಇವಳೂ ಹೇಳಿರ್ಲಿಲ್ಲ. ಇವಳು ತೆಗೆದಿದ್ದು ಇದು. ನಂದು ತಪ್ಪಾಯ್ತು."

ಆಂಟಿ ಒಂದನ್ನು ನೋಡಿದರು, ಇನ್ನೊಂದನ್ನು ನೋಡಿದರು. ಆಮೇಲೆ ಬೆರಳು ತೋರಿಸಿದ್ದು ನನ್ನದಕ್ಕೆ. "ನನಗೆ ಇದೇ ಇಷ್ಟ."

"ಅಮ್ಮಾ," ಅಂದಳು ಮಗಳು.

"ನಿನಗೇನು ಗೊತ್ತೇ? ನೀನು ಇಲ್ಲಿ ಹುಟ್ಟಿದವಳು, ಬ್ಲ್ಯಾಕ್ ಅಂತ ಅಂಗಿ ಮೇಲೆ ಬರ್ಕೊಂಡು ತಿರುಗ್ತೀಯ. ನಮ್ಮ ಅಕ್ಕತಂಗಿಯರಲ್ಲಿ ಕಪ್ಪಗಿದ್ದವಳು ನಾನೊಬ್ಬಳೇ. ಮನೆಗೆ ಯಾರಾದ್ರೂ ಬಂದ್ರೆ ನಮ್ಮಮ್ಮ ನನ್ನ ಹಿತ್ತಲಿಗೆ ಕಳಿಸ್ತಿದ್ಲು. ಮೊನ್ನೆ ಆ ಫೋಟೋ ಕಳಿಸಿದ್ಮೇಲೆ ದೊಡ್ಡಕ್ಕ ಫೋನ್ ಮಾಡಿ, ನೀನು ಇಷ್ಟು ಚೆನ್ನಾಗಿದ್ದೀಯಾ ಅಂದ್ಲು. ಅವಳು ಹಾಗೆ ಅಂದಿದ್ದು ಅದೇ ಮೊದಲು."

ಲೇಗೋಸಿನ ಆ ಹಿತ್ತಲು ನನಗೆ ಹೊಸದಾಗಿರಲಿಲ್ಲ. ಫೋಟೋ ವಾಪಸ್ ತರುತ್ತಿದ್ದ ತಾಯಂದಿರ ಹಿಂದೆ, ಅಂಗಡಿಯ ಮೆಟ್ಟಿಲ ಕೆಳಗೆ, ಸೆರಗಿನ ತುದಿ ಸುತ್ತುತ್ತಾ ನಿಂತಿರುತ್ತಿದ್ದ ಹುಡುಗಿಯರನ್ನು ನಾನು ನೋಡಿದ್ದೆ. ನೋಡಿ ಮತ್ತಷ್ಟು ಕಳೆ ಕೊಟ್ಟಿದ್ದೆ, ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡು.

ಆಂಟಿ ಮಗಳು ತೆಗೆದ ಚಿತ್ರದ ಹತ್ತಿರ ಹೋಗಿ ಬಗ್ಗಿದರು. ಕನ್ನಡಕ ಏರಿಸಿಕೊಂಡರು. ಕತ್ತಲೆಯೊಳಗಿನ ತಮ್ಮ ಮುಖವನ್ನು ನೋಡುತ್ತಾ ನಿಂತರು, ಚಹಾ ತಣ್ಣಗಾಗುವಷ್ಟು ಹೊತ್ತು.

"ನಿನ್ನ ಕಣ್ಣಿಗೆ ನಾನು ಹೀಗೆ ಕಾಣ್ತೀನಾ?"

"ಹೀಗೇ ಅಮ್ಮ. ಚಿಕ್ಕವಳಿದ್ದಾಗಿನಿಂದ ಹೀಗೇ. ನೀನು ಬೆಳಿಗ್ಗೆ ಬಂದು ಲೈಟ್ ಹಾಕ್ತಿರ್ಲಿಲ್ಲ, ನಾನು ಎದ್ದುಬಿಡ್ತೀನಿ ಅಂತ. ನಾನು ಎದ್ದೇ ಇರ್ತಿದ್ದೆ. ಬಾಗಿಲ ಸಂದಿಯಿಂದ ನೋಡ್ತಿದ್ದೆ."

ಆಂಟಿ ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಿದ್ರೆ ಇದನ್ನೇ ಗೋಡೆಗೆ ಹಾಕು," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅದು ಮಾತ್ರ ನನಗಿರಲಿ. ಒಯ್ಯಬೇಡಪ್ಪ," ಅಂದರು.

ಬಿಟ್ಟು ಬಂದೆ. ಅದು ಈಗಲೂ ಅವರ ಮನೆಯ ಹಾಲಿನಲ್ಲಿ ಟಿವಿಯ ಮೇಲೆ ಇದೆಯಂತೆ. ಮಗಳು ಊಟಕ್ಕೆ ಹೋದಾಗ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಾಳಂತೆ. ಪ್ರಿಂಟುಗಳನ್ನೆಲ್ಲ ಸರಿಮಾಡಿದೆ, ಅದೊಂದು ಮಾತ್ರ ನನ್ನ ಕೈಮೀರಿ ಹೋಯಿತು.

ಉದ್ಘಾಟನೆಯ ಸಂಜೆ ಹಾಲಿನಲ್ಲಿ ಜನ ಕಿಕ್ಕಿರಿದಿದ್ದರು. ನಡುವಿನ ಗೋಡೆಯಲ್ಲಿ ದೂರಕ್ಕೆ ಕಾಣುತ್ತಿದ್ದದ್ದು ಒಂದು ನೀಲಿ ಯೂನಿಫಾರ್ಮು ಮಾತ್ರ. ಜನ ಹತ್ತಿರ ಹೋಗುತ್ತಿದ್ದರು, ನಿಲ್ಲುತ್ತಿದ್ದರು, ಅವರ ಮಾತು ನಿಲ್ಲುತ್ತಿತ್ತು. ಊರಿನ ಗ್ಯಾಲರಿಯಾಕೆಯೂ ಹಾಗೆಯೇ ನಿಂತರು. ಆಮೇಲೆ ಕಲಾವಿದೆಯನ್ನು ಮೂಲೆಗೆ ಕರೆದು ಬಹಳ ಹೊತ್ತು ಮಾತಾಡಿದರು, ಅವಳು ಎರಡೂ ಕೈಯಿಂದ ಕೆನ್ನೆ ಒತ್ತಿಕೊಂಡು ತಲೆಯಾಡಿಸುತ್ತಿದ್ದಳು. ನಾನು ಪ್ರಿಂಟರ್ ಕೋಣೆಯ ಬಾಗಿಲಲ್ಲೇ ನಿಂತಿದ್ದೆ. ಅವಳು ಒಮ್ಮೆ ನನ್ನ ಕಡೆ ನೋಡಿದಳು. ನಗಲಿಲ್ಲ, ಮುಖ ತಿರುಗಿಸಲೂ ಇಲ್ಲ. ಅಷ್ಟಾದರೂ ಸಿಕ್ಕಿತಲ್ಲ ಅಂದುಕೊಂಡೆ.

ಹೆಂಡತಿ ಮಗಳನ್ನು ಕರೆದುಕೊಂಡು ಬಂದಳು. ಮಗಳಿಗೆ ಎಂಟು ವರ್ಷ. ಬೇಸಿಗೆಯೆಲ್ಲ ಹೊರಗೆ ಇಲ್ಲಿನ ಹಾಕಿಯಂಥ ಕ್ಯಾಮೋಗಿ ಆಟದಲ್ಲಿ ಕೋಲು ಬೀಸಿಕೊಂಡು ಓಡಿ ಕಪ್ಪಾಗಿದ್ದಾಳೆ, ಬಣ್ಣದಲ್ಲಿ ನನ್ನನ್ನೇ ಹೋಲುತ್ತಾಳೆ. ಈದ್‌ನ ಅದೇ ಹಸಿರು ಲಂಗ ಹಾಕಿಕೊಂಡಿದ್ದಳು. ಆಂಟಿ ತಲೆಗೆ ದೊಡ್ಡದಾಗಿ ಬಂಗಾರ ಬಣ್ಣದ ವಸ್ತ್ರ ಸುತ್ತಿಕೊಂಡು ಮದುವೆಮನೆಯ ಯಜಮಾನಿಯ ಹಾಗೆ ಓಡಾಡುತ್ತಿದ್ದವರು ನೇರ ನಮ್ಮ ಹತ್ತಿರ ಬಂದರು. ಹೆಂಡತಿಯ ಕೈ ಹಿಡಿದು ಮಾತಾಡಿಸಿದರು. ಆಮೇಲೆ ಬಗ್ಗಿ ಮಗಳ ಗಲ್ಲ ಹಿಡಿದು, ನನ್ನನ್ನು ಕೇಳಿದರು:

"ಇವಳು ಇನ್ನೊಬ್ಬ ಮಗಳಾ? ಅವತ್ತು ಫೋನಲ್ಲಿ ತೋರಿಸಿದ್ರಲ್ಲ, ಅವಳು ಬರ್ಲಿಲ್ವಾ?"

ಅವರ ಪ್ರಶ್ನೆಯಲ್ಲಿ ಕುಹಕ ಏನೂ ಇರಲಿಲ್ಲ. ನಿಜವಾಗಿಯೂ ಇನ್ನೊಬ್ಬಳನ್ನು ಹುಡುಕುತ್ತಾ ನನ್ನ ಬೆನ್ನ ಹಿಂದೆ ಕಣ್ಣಾಡಿಸಿದರು. ಹೆಂಡತಿ ನನ್ನನ್ನೇ ನೋಡಿದಳು. ಗೋಡೆಯ ಮೇಲಿನವರೆಲ್ಲರನ್ನೂ ಅವರವರ ಬಣ್ಣಕ್ಕೆ ಮರಳಿಸಿದ್ದೆ. ಕಿಸೆಯ ಫೋನಿನಲ್ಲಿದ್ದವಳು ನೆನಪಿಗೇ ಬಂದಿರಲಿಲ್ಲ.

"ದೇರ್ಸ್ ಓನ್ಲಿ ಮಿ," ಅಂದಳು ಮಗಳು. ಆಮೇಲೆ ನನ್ನ ಕಡೆ ಕೈ ಚಾಚಿದಳು. "ಶೋ ಮಿ, ಅಬ್ಬಾ."

ಫೋನ್ ಇಲ್ಲ, ಮನೆಯಲ್ಲಿದೆ ಅನ್ನಬಹುದಿತ್ತು. ತೆಗೆದು ಕೊಟ್ಟೆ. ಅವಳು ಎರಡು ಕೈಯಲ್ಲಿ ಹಿಡಿದು ನೋಡಿದಳು. ಬೆರಳಿಂದ ಹಿಗ್ಗಿಸಿ ಲಂಗದ ಅಂಚು ನೋಡಿದಳು, ತಾನು ಉಟ್ಟ ಲಂಗದ ಅಂಚು ನೋಡಿಕೊಂಡಳು.

"ಶೀ ಈಸ್ ಲವ್ಲಿ," ಅಂದಳು, ಯಾರದೋ ಮನೆಯ ಹುಡುಗಿಯ ಫೋಟೋ ನೋಡಿದ ಹಾಗೆ. ಫೋನನ್ನು ನನ್ನ ಕೈಗೆ ಮರಳಿ ಕೊಟ್ಟು, ಆಂಟಿಯ ಬೆರಳು ಹಿಡಿದುಕೊಂಡು ಆ ದೊಡ್ಡ ಚಿತ್ರದ ಹತ್ತಿರಕ್ಕೆ ಹೋಗಿ ನಿಂತಳು.